ಮೊಲದ ರಕ್ತನಾಳದಲ್ಲಿ ಕಳಚಿಕೊಂಡ ತಂತಿ

1988ರ ಫೆಬ್ರುವರಿಯಲ್ಲಿ ಅಮೆರಿಕದ ಡೆಲಾವೇರ್ ರಾಜ್ಯದ ಸೆನೆಟರ್ ಒಬ್ಬರನ್ನು ಆಂಬುಲೆನ್ಸಿನಲ್ಲಿ ವಾಷಿಂಗ್ಟನ್ನಿನ ವಾಲ್ಟರ್ ರೀಡ್ ಸೇನಾ ಆಸ್ಪತ್ರೆಗೆ ತಂದರು. ವಯಸ್ಸು 45. ತಲೆನೋವು, ಕತ್ತುನೋವು ಎಂದು ಮಾತ್ರೆ ನುಂಗಿಕೊಂಡೇ ಊರೂರು ಸುತ್ತಿ ಭಾಷಣ ಮಾಡುತ್ತಿದ್ದ ಮನುಷ್ಯ ಹೋಟೆಲ್ ಕೋಣೆಯಲ್ಲಿ ಕುಸಿದು ಬಿದ್ದಿದ್ದರು. ಮಿದುಳಿನ ರಕ್ತನಾಳವೊಂದು ಉಬ್ಬಿ ಸೋರಿತ್ತು. ಸಾಯುವವರಿಗಾಗಿ ಸಲ್ಲಿಸುವ ಪ್ರಾರ್ಥನೆಯನ್ನು ಪಾದ್ರಿಯೊಬ್ಬರು ಮುಗಿಸಿಯೂ ಆಗಿತ್ತು. ವೈದ್ಯರು ತಲೆಬುರುಡೆ ತೆರೆದು, ಉಬ್ಬಿನ ಬುಡಕ್ಕೆ ಲೋಹದ ಪುಟ್ಟ ಕ್ಲಿಪ್ ಹಾಕಿ ಅದನ್ನು ಮುಚ್ಚಿದರು. ಇನ್ನೊಂದು ಬದಿಯಲ್ಲೂ ಅಂಥದೇ ಉಬ್ಬು ಇದ್ದದ್ದರಿಂದ ಮೇ ತಿಂಗಳಲ್ಲಿ ಮತ್ತೊಮ್ಮೆ ತಲೆ ತೆರೆಯಬೇಕಾಯಿತು. ಜೋ ಬೈಡನ್ ಸೆನೆಟ್ಟಿಗೆ ಮರಳುವಷ್ಟರಲ್ಲಿ ಏಳು ತಿಂಗಳು ಕಳೆದಿತ್ತು.

ಅವರ ಎರಡನೇ ಶಸ್ತ್ರಚಿಕಿತ್ಸೆಗೆ ಎರಡು ವರ್ಷ ತುಂಬುವ ಮೊದಲೇ ಲಾಸ್ ಏಂಜಲೀಸ್‌ನಲ್ಲಿ ಇಟಲಿಯ ವೈದ್ಯರೊಬ್ಬರು ಬೇರೆಯೇ ದಾರಿ ತೆರೆದರು. ತೊಡೆಸಂದಿಯಲ್ಲಿ ಸೂಜಿ ಚುಚ್ಚಿ, ರಕ್ತನಾಳದೊಳಗಿಂದಲೇ ಮಿದುಳಿನವರೆಗೆ ಹೋಗಿ, ಉಬ್ಬನ್ನು ಪ್ಲಾಟಿನಂ ತಂತಿಯಿಂದ ತುಂಬಿ ಬರುವ ದಾರಿ ಅದು. ತಲೆಗೆ ಗರಗಸ ಸೋಕುವ ಪ್ರಮೇಯವೇ ಇಲ್ಲ. ಇಂದು ಕಾಯಿಲ್ ಹಾಕುವುದು ಎಂದು ಆಸ್ಪತ್ರೆಗಳಲ್ಲಿ ದಿನವೂ ಕೇಳಿಬರುವ ಈ ಚಿಕಿತ್ಸೆಯ ಹಿಂದೆ ಹಂದಿಕೂದಲು, ಬಲೂನು, ಅಯಸ್ಕಾಂತ, ಒಂದು ಮೊಲ ಮತ್ತು ಬೇಕಾದಷ್ಟು ಸೋಲುಗಳಿವೆ.

ಮಿದುಳಿನ ಬುಡದಲ್ಲಿ ನಾಲ್ಕು ಮುಖ್ಯ ರಕ್ತನಾಳಗಳು ಬಂದು ವೃತ್ತಾಕಾರವಾಗಿ ಕೂಡಿಕೊಳ್ಳುತ್ತವೆ. 1664ರಲ್ಲಿ ಅದನ್ನು ವಿವರಿಸಿದ ಇಂಗ್ಲೆಂಡಿನ ಥಾಮಸ್ ವಿಲ್ಲಿಸ್ ಹೆಸರಿನಲ್ಲೇ ಈ ವೃತ್ತವನ್ನು ಕರೆಯುತ್ತಾರೆ. ರಕ್ತನಾಳ ಕವಲೊಡೆಯುವ ಮೂಲೆಗಳಲ್ಲಿ ರಕ್ತದ ಹೊಡೆತ ಹೆಚ್ಚು. ಅಲ್ಲಿ ಗೋಡೆ ಸವೆದರೆ, ಹಳೆಯ ಸೈಕಲ್ ಟ್ಯೂಬು ತೆಳುವಾದ ಕಡೆ ಗುಳ್ಳೆಯೆದ್ದ ಹಾಗೆ ಒಂದು ಕಡೆ ಉಬ್ಬುತ್ತದೆ. ಅದೇ ಅನ್ಯೂರಿಸಂ. ವಯಸ್ಕರಲ್ಲಿ ನೂರಕ್ಕೆ ಸುಮಾರು ಮೂರು ಜನರ ತಲೆಯಲ್ಲಿ ಇಂಥ ಉಬ್ಬು ಇರುತ್ತದೆ ಎನ್ನುವುದು ಈಗಿನ ಅಂದಾಜು. ಬಹುಪಾಲು ಜನ ಅದು ಇದೆಯೆಂದು ತಿಳಿಯದೆಯೇ ಬದುಕಿ ಮುಗಿಸುತ್ತಾರೆ. ಒಡೆದರೆ ಮಾತ್ರ ಕಥೆ ಬೇರೆ. ಮಿದುಳಿನ ಸುತ್ತಲಿನ ಪೊರೆಯೊಳಗೆ ರಕ್ತ ಚಿಮ್ಮುತ್ತದೆ. ಕೆಲವರು ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಡುತ್ತಾರೆ. ಬದುಕುಳಿದವರಿಗೂ ಅದೇ ಉಬ್ಬು ಮತ್ತೆ ಒಡೆಯುವ ಭಯ, ಅದರಲ್ಲೂ ಮೊದಲ 24 ಗಂಟೆಗಳಲ್ಲಿ. ಆದ್ದರಿಂದ ವೈದ್ಯರ ಮುಂದಿನ ಪ್ರಶ್ನೆ ಯಾವಾಗಲೂ ಒಂದೇ: ಹರಿಯುವ ರಕ್ತವನ್ನು ನಿಲ್ಲಿಸದೆ ಉಬ್ಬನ್ನಷ್ಟೇ ಮುಚ್ಚುವುದು ಹೇಗೆ?

ಮುಚ್ಚುವುದಿರಲಿ, ಮೊದಲು ಕಾಣಬೇಕಲ್ಲ. ಎಕ್ಸ್-ರೇಯಲ್ಲಿ ತಲೆಬುರುಡೆ ಕಾಣುತ್ತದೆ, ರಕ್ತನಾಳ ಕಾಣುವುದಿಲ್ಲ. ಲಿಸ್ಬನ್ನಿನ ಎಗಾಸ್ ಮೊನಿಜ್ 1927ರಲ್ಲಿ ಕತ್ತಿನ ರಕ್ತನಾಳಕ್ಕೆ ಎಕ್ಸ್-ರೇಯನ್ನು ತಡೆಯುವ ದ್ರಾವಣ ಕೊಟ್ಟು ಮಿದುಳಿನ ರಕ್ತನಾಳಗಳ ಚಿತ್ರ ತೆಗೆದರು. ಸಂಧಿವಾತದಿಂದ ಅವರ ಬೆರಳುಗಳು ಸೊಟ್ಟಗಾಗಿದ್ದವು. ಕೈಕೆಲಸವೆಲ್ಲ ಕಿರಿಯ ಸಹಾಯಕ ಅಲ್ಮೇಡಾ ಲೀಮಾ ಅವರದು. ಮೊದಲ ಪ್ರಯತ್ನಗಳು ಕೈಕೊಟ್ಟವು, ಒಬ್ಬ ರೋಗಿ ಸತ್ತರು. ಜೂನ್ 28ರಂದು ಕೊನೆಗೂ ಸ್ಪಷ್ಟ ಚಿತ್ರ ಸಿಕ್ಕಿತು. ಮೊನಿಜ್‌ಗೆ ಮುಂದೆ ನೊಬೆಲ್ ಬಂದದ್ದು ಈ ಸಾಧನೆಗಲ್ಲ, ಮನೋರೋಗಕ್ಕೆಂದು ಮಿದುಳಿನ ಎಳೆಗಳನ್ನು ಕತ್ತರಿಸುವ, ಈಗ ಯಾರೂ ಹೆಸರೆತ್ತಲು ಇಷ್ಟಪಡದ ಶಸ್ತ್ರಚಿಕಿತ್ಸೆಗೆ. ಪ್ರಶಸ್ತಿಗಳ ತೂಕ ನೋಡುವವರು ನೆನಪಿಡಬೇಕಾದ ಸಂಗತಿ ಇದು.

1931ರಲ್ಲಿ ಎಡಿನ್‌ಬರೋದ ನಾರ್ಮನ್ ಡಾಟ್ ರಕ್ತ ಸೋರುತ್ತಿದ್ದ ಉಬ್ಬೊಂದನ್ನು ಹುಡುಕಿಕೊಂಡೇ ತಲೆ ತೆರೆದರು. ಒಳಗೆ ಮುಟ್ಟುತ್ತಿದ್ದಂತೆ ರಕ್ತ ನುಗ್ಗಿತು. ರೋಗಿಯ ಕಾಲಿನಿಂದ ಒಂದು ತುಣುಕು ಮಾಂಸಖಂಡ ಕತ್ತರಿಸಿ ತರಿಸಿ, ಉಬ್ಬಿನ ಮೇಲಿಟ್ಟು, ರಕ್ತ ನಿಲ್ಲುವವರೆಗೆ ಬೆರಳಿನಿಂದ ಒತ್ತಿ ಹಿಡಿದರು. ರೋಗಿ ವೃತ್ತಿಯಿಂದ ವಕೀಲ. ಆ ಮಾಂಸದ ತೇಪೆಯ ಜೊತೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳಿದರು.

ತೇಪೆಯಿಂದ ಕ್ಲಿಪ್ಪಿಗೆ ದಾಟಿಸಿದವರು ಬಾಲ್ಟಿಮೋರಿನ ವಾಲ್ಟರ್ ಡ್ಯಾಂಡಿ. 1937ರ ಮಾರ್ಚಿನಲ್ಲಿ ಅವರ ಬಳಿ ಬಂದ 43 ವರ್ಷದ ರೋಗಿಗೆ ಒಂದು ಕಣ್ಣಿನ ರೆಪ್ಪೆ ಇಳಿಬಿದ್ದಿತ್ತು. ಕಣ್ಣನ್ನು ಆಡಿಸುವ ನರವನ್ನು ಒಳಗೆ ಏನೋ ಒತ್ತುತ್ತಿದೆ, ಅದು ಉಬ್ಬಿದ ರಕ್ತನಾಳವೇ ಇರಬೇಕು ಎಂದು ಡ್ಯಾಂಡಿ ಲೆಕ್ಕ ಹಾಕಿದರು. ಲೆಕ್ಕ ಸರಿಯಾಗಿತ್ತು. ಉಬ್ಬಿನ ಕಿರಿದಾದ ಕೊರಳಿಗೆ ಬೆಳ್ಳಿಯ ಕ್ಲಿಪ್ ಕಚ್ಚಿಸಿ, ಚೀಲವನ್ನು ವಿದ್ಯುತ್ತಿನಿಂದ ಸುಟ್ಟು ಮುದುಡಿಸಿದರು. ಮುಂದಿನ ಐವತ್ತು ವರ್ಷ ಈ ರೋಗದ ಚಿಕಿತ್ಸೆ ಎಂದರೆ ಕ್ಲಿಪ್ಪೇ. 1960ರ ದಶಕದ ಕೊನೆಯಲ್ಲಿ ಜ್ಯೂರಿಕ್‌ನ ಗಾಜಿ ಯಾಸರ್ಗಿಲ್ ಸೂಕ್ಷ್ಮದರ್ಶಕವನ್ನು ಆಪರೇಷನ್ ಟೇಬಲ್ಲಿಗೆ ತಂದ ಮೇಲೆ ಆ ಕೆಲಸ ಕಲೆಯ ಮಟ್ಟಕ್ಕೇರಿತು.

ಆದರೆ ಕೆಲವು ಉಬ್ಬುಗಳು ಕೈಗೆ ಎಟುಕುವುದಿಲ್ಲ. ಮಿದುಳಿನ ಕಾಂಡದ ಮುಂದೆ, ಮೂಳೆಯ ಮರೆಯಲ್ಲಿ ಕುಳಿತ ಉಬ್ಬಿಗೆ ಕ್ಲಿಪ್ ಹಾಕಲು ಹೋದರೆ ದಾರಿಯಲ್ಲೇ ಅನಾಹುತವಾಗಬಹುದು. ಇನ್ನು ಕೆಲವು ರೋಗಿಗಳ ದೇಹ ಅಷ್ಟು ದೊಡ್ಡ ಶಸ್ತ್ರಚಿಕಿತ್ಸೆ ತಾಳುವುದಿಲ್ಲ. ಇಂಥವರಿಗಾಗಿ ಉಬ್ಬಿನ ಒಳಗೆ ಏನನ್ನಾದರೂ ತುಂಬಿ ರಕ್ತ ಹೆಪ್ಪುಗಟ್ಟಿಸಿದರೆ ಹೇಗೆ ಎಂಬ ಯೋಚನೆ ಬಹಳ ಹಿಂದಿನಿಂದ ಇತ್ತು. 1941ರಲ್ಲಿ ನ್ಯೂಯಾರ್ಕಿನ ವೈದ್ಯರು 15 ವರ್ಷದ ಹುಡುಗಿಯ ಕಣ್ಣಿನ ಕುಳಿಯ ಮೂಲಕ ಸೂಜಿ ಇಳಿಸಿ, ಅನ್ಯೂರಿಸಂನೊಳಗೆ ಮೂವತ್ತು ಅಡಿ ಬೆಳ್ಳಿತಂತಿ ತುರುಕಿ, ತಂತಿಯನ್ನು ವಿದ್ಯುತ್ತಿನಿಂದ ಕಾಯಿಸಿದ್ದರು. 1960ರ ದಶಕದಲ್ಲಿ ಜಾನ್ ಗ್ಯಾಲಗರ್ ಎಂಬ ಅಮೆರಿಕನ್ ಶಸ್ತ್ರವೈದ್ಯ ಕುದುರೆ ಮತ್ತು ಹಂದಿಯ ಕೂದಲನ್ನು ಗಾಳಿಯ ಒತ್ತಡದ ಪುಟ್ಟ ಬಂದೂಕಿನಿಂದ ಉಬ್ಬಿನ ಗೋಡೆಯ ಮೂಲಕ ಒಳಗೆ ಹಾರಿಸಿದರು. ಕೂದಲಿನ ಸುತ್ತ ರಕ್ತ ಹೆಪ್ಪುಗಟ್ಟಲಿ ಎಂಬ ಆಸೆ. ಮತ್ತೊಬ್ಬರು ಕಬ್ಬಿಣದ ಪುಡಿ ಬಿಟ್ಟು ಅಯಸ್ಕಾಂತದಿಂದ ಹಿಡಿದಿಡಲು ನೋಡಿದರು. ಷಿಕಾಗೋದ ಶಾನ್ ಮುಲ್ಲನ್ ಸೂಜಿಗಳನ್ನು ಚುಚ್ಚಿ ವಿದ್ಯುತ್ ಹರಿಸಿದರು. ಈಗ ಓದಿದರೆ ನಗು ಬರುತ್ತದೆ. ಆದರೆ ಇವರಲ್ಲಿ ಯಾರೂ ಹುಚ್ಚರಲ್ಲ. ರೋಗಿ ಕಣ್ಣೆದುರೇ ಸಾಯುತ್ತಿರುವಾಗ ಕೈಗೆ ಸಿಕ್ಕಿದ್ದನ್ನು ಬಳಸಿದವರು.

ದಾರಿ ಬದಲಾದದ್ದು ಮಾಸ್ಕೋದಲ್ಲಿ. ಫ್ಯೋದೊರ್ ಸೆರ್ಬಿನೆಂಕೊ ಅಲ್ಲಿನ ಬುರ್ದೆಂಕೊ ನರಶಸ್ತ್ರಚಿಕಿತ್ಸಾ ಸಂಸ್ಥೆಯ ವೈದ್ಯ. 1959ರ ಮೇ ದಿನದ ಸಂಭ್ರಮದಲ್ಲಿ ಕೆಂಪು ಚೌಕದ ಬಳಿ ಮಕ್ಕಳು ಬಲೂನು ಹಿಡಿದು ಓಡಾಡುವುದನ್ನು ನೋಡುತ್ತಿದ್ದಾಗ ಅವರಿಗೆ ಉಪಾಯ ಹೊಳೆಯಿತು ಎಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ: ರಕ್ತ ಹರಿಯುವ ದಿಕ್ಕಿನಲ್ಲೇ ಒಂದು ಪುಟ್ಟ ಬಲೂನು ತೇಲಿ ಹೋದರೆ ಅದು ಬೇಕಾದ ಕವಲಿಗೆ ತಾನೇ ತಲುಪುವುದಿಲ್ಲವೇ? ಅಂಥ ಬಲೂನು ಎಲ್ಲೂ ಮಾರಾಟಕ್ಕಿರಲಿಲ್ಲ. ಲೇಟೆಕ್ಸ್ ಮತ್ತು ಸಿಲಿಕೋನಿನಿಂದ ಕೈಯಾರೆ ಮಾಡಬೇಕು, ಸೋರುತ್ತದೆಯೇ ಎಂದು ಪರೀಕ್ಷಿಸಬೇಕು, ಕ್ಯಾಥೆಟರ್ ಎಂಬ ತೆಳ್ಳನೆಯ ಕೊಳವೆಯ ತುದಿಗೆ ಸಿಕ್ಕಿಸಬೇಕು, ಬೇಕಾದಲ್ಲಿ ಕಳಚಿಕೊಳ್ಳುವಂತೆಯೂ ಮಾಡಬೇಕು. 1964ರಿಂದ ರೋಗಿಗಳ ಮೇಲೆ ಪ್ರಯೋಗ ಶುರುವಾಗಿ, 1969–70ರ ಹೊತ್ತಿಗೆ ಬಲೂನನ್ನು ಒಳಗೇ ಕಳಚಿ ಬಿಡುವುದು ಸಾಧ್ಯವಾಯಿತು. 1974ರಲ್ಲಿ ಅಮೆರಿಕದ ‘ಜರ್ನಲ್ ಆಫ್ ನ್ಯೂರೋಸರ್ಜರಿ’ಯಲ್ಲಿ ಸೆರ್ಬಿನೆಂಕೊ ಲೇಖನ ಅಚ್ಚಾದಾಗ ಪಶ್ಚಿಮದ ವೈದ್ಯರು ಕಣ್ಣುಜ್ಜಿಕೊಂಡರು. ಮುನ್ನೂರಕ್ಕೂ ಹೆಚ್ಚು ರೋಗಿಗಳ ಅನುಭವ ಅದರಲ್ಲಿತ್ತು. ಶೀತಲ ಸಮರದ ಗೋಡೆಯ ಆಚೆಗೆ ಒಂದು ಇಡೀ ವಿದ್ಯೆ ಬೆಳೆದು ನಿಂತಿತ್ತು. ಕೀವ್‌ನ ವೈದ್ಯರು 1980ರ ದಶಕದ ಆರಂಭಕ್ಕೆ ನೂರಕ್ಕೂ ಹೆಚ್ಚು ಅನ್ಯೂರಿಸಂ ರೋಗಿಗಳಿಗೆ ಬಲೂನಿನಿಂದ ಚಿಕಿತ್ಸೆ ಮಾಡಿ ವರದಿ ಕೊಟ್ಟರು. ಫ್ರಾನ್ಸಿನಲ್ಲಿ ಜೆರಾರ್ ಡೆಬ್ರನ್, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಗ್ರಾಂಟ್ ಹಿಯೆಶಿಮಾ ತಮ್ಮದೇ ಬಲೂನುಗಳನ್ನು ಮಾಡಿದರು.

ಬಲೂನಿಗೆ ಒಂದು ಹುಟ್ಟು ದೋಷವಿತ್ತು. ಅದು ಉಬ್ಬಿದರೆ ತನ್ನದೇ ಆಕಾರಕ್ಕೆ ಬರುತ್ತದೆ. ಅನ್ಯೂರಿಸಂ ಒಂದೊಂದೂ ಒಂದೊಂದು ಸೊಟ್ಟ. ತೆಳುವಾದ ಗೋಡೆಯನ್ನು ಬಲೂನು ತನ್ನ ಆಕಾರಕ್ಕೆ ಎಳೆದರೆ ಉಬ್ಬು ಅಲ್ಲೇ ಒಡೆಯಬಹುದು. ಕಳಚಿ ಬಿಟ್ಟ ಮೇಲೆ ಜಾರಿದರೂ ಸೋರಿದರೂ ವೈದ್ಯ ಕೈಕಟ್ಟಿ ನಿಲ್ಲಬೇಕು. 1980ರ ದಶಕದ ಕೊನೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಸಾದಿಕ್ ಹಿಲಾಲ್ ಮೃದು ಲೋಹದ ಸುರುಳಿಗಳನ್ನು ಕ್ಯಾಥೆಟರ್ ಮೂಲಕ ತಳ್ಳತೊಡಗಿದರು. ಸುರುಳಿ ಗೋಡೆಯನ್ನು ಎಳೆಯುವುದಿಲ್ಲ, ಸಿಕ್ಕ ಜಾಗಕ್ಕೆ ಹೊಂದಿಕೊಳ್ಳುತ್ತದೆ. ಅಷ್ಟರಮಟ್ಟಿಗೆ ಸರಿ. ಆದರೆ ತಳ್ಳಿದ ಸುರುಳಿಯೂ ಬಿಟ್ಟ ಬಾಣವೇ. ಅಳತೆ ತಪ್ಪಿ ಅದರ ಬಾಲ ಮುಖ್ಯ ರಕ್ತನಾಳಕ್ಕೆ ಚಾಚಿದರೆ, ಅಥವಾ ಇಡೀ ಸುರುಳಿ ರಕ್ತದ ಜೊತೆ ಮುಂದಕ್ಕೆ ಹೋಗಿ ಸಿಕ್ಕಿಕೊಂಡರೆ, ರೋಗಿಗೆ ಲಕ್ವ.

ಬೇಕಾಗಿದ್ದದ್ದು ಒಂದೇ: ಒಳಗಿಟ್ಟು ನೋಡಿ, ಸರಿಯಿಲ್ಲದಿದ್ದರೆ ವಾಪಸ್ ಎಳೆದುಕೊಳ್ಳುವ ಅವಕಾಶ. ಈ ಚರಿತ್ರೆಯ ತಿರುಳೇ ಅದು.

ಆ ಅವಕಾಶ ಹುಟ್ಟಿದ್ದು ರೋಮ್‌ನಲ್ಲಿ, ಅದೂ ಒಂದು ಎಡವಟ್ಟಿನಿಂದ. ಗುಯಿಡೊ ಗುಲಿಯೆಲ್ಮಿ 1948ರಲ್ಲಿ ಇಟಲಿಯ ಆಡ್ರಿಯಾಟಿಕ್ ಕರಾವಳಿಯ ಚಿವಿತನೋವ ಮಾರ್ಕೆ ಪಟ್ಟಣದಲ್ಲಿ ಹುಟ್ಟಿದವರು. ಓದಿದ್ದು ವೈದ್ಯಕೀಯ, ಮನಸ್ಸು ಎಲೆಕ್ಟ್ರಾನಿಕ್ಸ್ ಕಡೆ. ಮುಲ್ಲನ್ ಅವರ ಹಳೆಯ ವಿದ್ಯುತ್ ಪ್ರಯೋಗವನ್ನು ತಲೆ ತೆರೆಯದೆ, ರಕ್ತನಾಳದ ಒಳಗಿಂದ ಮಾಡಿದರೆ ಹೇಗೆ ಎಂದು 1980ರ ದಶಕದ ಆರಂಭದಲ್ಲಿ ಮೊಲಗಳ ಕತ್ತಿನ ರಕ್ತನಾಳದಲ್ಲಿ ಕೃತಕ ಉಬ್ಬು ಮಾಡಿ, ಅದರೊಳಗೆ ಸ್ಟೀಲ್ ತಂತಿ ತೂರಿಸಿ ವಿದ್ಯುತ್ ಹರಿಸುತ್ತಿದ್ದರು. ರಕ್ತದಲ್ಲಿ ಋಣವಿದ್ಯುದಂಶದ ಕಣಗಳಿವೆ; ತಂತಿಗೆ ಧನವಿದ್ಯುತ್ ಕೊಟ್ಟರೆ ಅವು ಅಂಟಿಕೊಂಡು ಹೆಪ್ಪುಗಟ್ಟಬೇಕು. ಒಂದು ಪ್ರಯೋಗದಲ್ಲಿ ವಿದ್ಯುತ್ ಹರಿಯುತ್ತಿದ್ದಾಗ ತಂತಿಯ ತುದಿ ಕರಗಿ ಕಳಚಿಕೊಂಡು ಉಬ್ಬಿನೊಳಗೇ ಉಳಿದುಬಿಟ್ಟಿತು. ಉಪ್ಪುನೀರಿನಲ್ಲಿ ವಿದ್ಯುತ್ ಹರಿದರೆ ಉಕ್ಕು ಕರಗುತ್ತದೆ ಎನ್ನುವುದು ಹೈಸ್ಕೂಲು ರಸಾಯನಶಾಸ್ತ್ರ. ಅಂದಿನ ಮಟ್ಟಿಗೆ ಅದು ಕೆಟ್ಟುಹೋದ ಪ್ರಯೋಗ ಮಾತ್ರ.

1989ರಲ್ಲಿ ಉರುಗ್ವೆ ಮೂಲದ ಫೆರ್ನಾಂಡೊ ವಿನ್ಯುವೆಲಾ ಗುಲಿಯೆಲ್ಮಿಯನ್ನು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಕರೆಸಿಕೊಂಡರು. ಅಷ್ಟರಲ್ಲಿ ‘ಟಾರ್ಗೆಟ್ ಥೆರಪ್ಯೂಟಿಕ್ಸ್’ ಎಂಬ ಕ್ಯಾಲಿಫೋರ್ನಿಯಾದ ಪುಟ್ಟ ಕಂಪನಿ ಒಂದು ಮಿಲಿಮೀಟರಿಗಿಂತ ತೆಳ್ಳಗಿನ, ಮಿದುಳಿನ ಅಂಕುಡೊಂಕಿನಲ್ಲಿ ತೂರುವ ಕ್ಯಾಥೆಟರ್ ತಯಾರಿಸಿತ್ತು. ಮೊಲದ ರಕ್ತನಾಳದಲ್ಲಿ ಕಳಚಿಕೊಂಡ ತುದಿ ಗುಲಿಯೆಲ್ಮಿಗೆ ನೆನಪಾಯಿತು. ತಂತಿ ತಾನಾಗಿ ಕಳಚುವುದು ಎಡವಟ್ಟಾದರೆ, ಬೇಕೆಂದಾಗ ಮಾತ್ರ ಕಳಚುವುದು ವರ! ಕಂಪನಿಯ ಇಂಜಿನಿಯರ್ ಐವನ್ ಸೆಪೆಟ್ಕಾ ಜೊತೆ ಕುಳಿತು ಅವರು ರೂಪಿಸಿದ್ದು ಇಷ್ಟೇ: ಉದ್ದನೆಯ ಸ್ಟೀಲ್ ತಂತಿಯ ತುದಿಗೆ ಮೃದುವಾದ ಪ್ಲಾಟಿನಂ ಸುರುಳಿಯ ಬೆಸುಗೆ. ಸ್ಟೀಲ್ ತಂತಿಗೆ ಉದ್ದಕ್ಕೂ ವಿದ್ಯುತ್ ತಡೆಯುವ ಲೇಪ. ಬೆಸುಗೆಯ ಪಕ್ಕದಲ್ಲಿ ಮಾತ್ರ ಸ್ವಲ್ಪ ಜಾಗ ಬರಿದು. ಒಂದು ಮಿಲಿಆಂಪಿಯರ್ ಆಸುಪಾಸಿನ ಅಲ್ಪ ವಿದ್ಯುತ್ ಬಿಟ್ಟರೆ ಆ ಬರಿಯ ಜಾಗ ಕರಗುತ್ತದೆ. ಪ್ಲಾಟಿನಂ ಕರಗುವುದಿಲ್ಲ, ಒಳಗೇ ಉಳಿಯುತ್ತದೆ. ಗುಂಡಿ ಒತ್ತುವವರೆಗೂ ಸುರುಳಿ ವೈದ್ಯರ ಕೈಯಲ್ಲಿರುವ ತಂತಿಗೇ ಅಂಟಿಕೊಂಡಿರುತ್ತದೆ.

ಮೊದಲ ಬಾರಿಗೆ ಅದನ್ನು ಮನುಷ್ಯನಲ್ಲಿ ಬಳಸಿದ್ದು 1990ರ ಮಾರ್ಚಿನಲ್ಲಿ. ಆ ರೋಗಿಗಿದ್ದದ್ದು ಅನ್ಯೂರಿಸಂ ಅಲ್ಲ, ಪೆಟ್ಟಿನಿಂದಾಗಿ ಕಣ್ಣಿನ ಹಿಂದೆ ಶುದ್ಧ ಮತ್ತು ಅಶುದ್ಧ ರಕ್ತದ ನಾಳಗಳ ನಡುವೆ ಬಿದ್ದ ತೂತು. ಅದರ ಬೆನ್ನಿಗೇ ಅನ್ಯೂರಿಸಂ ರೋಗಿಗಳ ಸರದಿ. 1991ರಲ್ಲಿ ಪ್ರಕಟವಾದ ಲೇಖನದಲ್ಲಿ 15 ರೋಗಿಗಳ ವಿವರವಿದೆ. ಒಬ್ಬರೂ ಸಾಯಲಿಲ್ಲ, ಯಾರಿಗೂ ಶಾಶ್ವತ ಊನವಾಗಲಿಲ್ಲ. ಶಸ್ತ್ರಚಿಕಿತ್ಸೆ ಕಷ್ಟ ಎಂದು ಕೈಬಿಟ್ಟವರಿಗಷ್ಟೇ ಬಳಸಬೇಕೆಂಬ ಷರತ್ತಿನೊಡನೆ ಅಮೆರಿಕ ಸರ್ಕಾರದ ಒಪ್ಪಿಗೆ ಸಿಕ್ಕಿದ್ದು 1995ರಲ್ಲಿ.

ಈ ಕೆಲಸ ಹತ್ತಿರದಿಂದ ಹೇಗಿರುತ್ತದೆ? ರೋಗಿಗೆ ಮತ್ತು ಬರಿಸಿ ಮಲಗಿಸಿರುತ್ತಾರೆ. ವೈದ್ಯರ ಮೈಮೇಲೆ ಎಕ್ಸ್-ರೇ ತಡೆಯುವ ಸೀಸದ ಭಾರದ ಏಪ್ರನ್. ತೊಡೆಸಂದಿಯಿಂದ ಹೊರಟ ಒಂದು ಕ್ಯಾಥೆಟರ್ ಹೃದಯದ ಪಕ್ಕದಿಂದ ಹಾದು ಕತ್ತಿನಲ್ಲಿ ನಿಲ್ಲುತ್ತದೆ; ಅದರೊಳಗಿಂದ ಇನ್ನೂ ತೆಳ್ಳಗಿನದು ಮಿದುಳಿಗೆ ಏರುತ್ತದೆ. ವೈದ್ಯರ ಕಣ್ಣು ಕೈ ಮೇಲಿಲ್ಲ, ಎದುರಿನ ಪರದೆಯ ಮೇಲೆ. ಕೈಬೆರಳು ತಂತಿಯನ್ನು ಕೂದಲೆಳೆಯಷ್ಟು ತಿರುಗಿಸಿದರೆ ಪರದೆಯಲ್ಲಿ ತುದಿ ಕವಲಿನತ್ತ ಹೊರಳುತ್ತದೆ. ಕ್ಯಾಥೆಟರಿನ ತುದಿ ಉಬ್ಬಿನ ಬಾಯೊಳಗೆ ಕೂತಿತೆಂದರೆ ಮೊದಲ ಸುರುಳಿ ಒಳಗೆ ಹೋಗುತ್ತದೆ. ನೇರವಾಗಿ ಹೋದ ತಂತಿ ಹೊರಬರುತ್ತಿದ್ದಂತೆ ತನ್ನ ನೆನಪಿನ ಆಕಾರಕ್ಕೆ ಸುತ್ತಿಕೊಂಡು ಗೋಡೆಗುಂಟ ಚೌಕಟ್ಟು ಕಟ್ಟುತ್ತದೆ. ಆಮೇಲೆ ಸ್ವಲ್ಪ ಸಣ್ಣದು, ಇನ್ನೂ ಸಣ್ಣದು. ಪ್ರತಿಯೊಂದಾದ ಮೇಲೂ ಬಣ್ಣದ ದ್ರಾವಣ ಬಿಟ್ಟು ನೋಡುತ್ತಾರೆ. ಸುರುಳಿಯ ಒಂದು ಸುತ್ತು ಮುಖ್ಯ ನಾಳಕ್ಕೆ ಇಣುಕುತ್ತಿದ್ದರೆ ವಾಪಸ್ ಎಳೆದು ಮತ್ತೆ ಕೂರಿಸುತ್ತಾರೆ. ಮೂರು ಸಲ, ನಾಲ್ಕು ಸಲ. ಸರಿಯಾಯಿತು ಎನಿಸಿದಾಗಲೇ ಬ್ಯಾಟರಿ ಪೆಟ್ಟಿಗೆಯ ಗುಂಡಿ. ಮೊದಮೊದಲು ಕರಗಲು ಹಲವು ನಿಮಿಷ ಕಾಯಬೇಕಿತ್ತು; ಈಗ ಅಷ್ಟೆಲ್ಲ ಕಾಯಬೇಕಿಲ್ಲ.

ತುಂಬಿ ಮುಗಿಯಿತು ಎಂದ ಮೇಲೂ ಉಬ್ಬಿನೊಳಗೆ ಲೋಹ ಇರುವುದು ಸಾಮಾನ್ಯವಾಗಿ ಜಾಗದ ನಾಲ್ಕನೇ ಒಂದು ಭಾಗದಷ್ಟು. ಉಳಿದದ್ದನ್ನು ಹೆಪ್ಪುಗಟ್ಟಿದ ರಕ್ತ ತುಂಬಿಕೊಳ್ಳುತ್ತದೆ. ಗುಲಿಯೆಲ್ಮಿ ನಂಬಿದ್ದ ವಿದ್ಯುತ್ತಿನಿಂದಾಗುವ ಹೆಪ್ಪಿಗಿಂತ ರಕ್ತದ ಓಟಕ್ಕೆ ಸುರುಳಿ ಒಡ್ಡುವ ಅಡ್ಡಿಯೇ ಮುಖ್ಯ ಎಂದು ಆಮೇಲೆ ಗೊತ್ತಾಯಿತು. ವಿದ್ಯುತ್ತಿನ ನಿಜವಾದ ಉಪಯೋಗ ಕಳಚುವುದಕ್ಕೆ.

ಮಿದುಳಿನ ಶಸ್ತ್ರವೈದ್ಯರು ಇದನ್ನು ತಕ್ಷಣ ಒಪ್ಪಿಕೊಂಡರು ಎಂದರೆ ಸುಳ್ಳಾಗುತ್ತದೆ. ದಶಕಗಟ್ಟಲೆ ಸೂಕ್ಷ್ಮದರ್ಶಕದಡಿ ಕೈಪಳಗಿಸಿಕೊಂಡವರಿಗೆ, ಎಕ್ಸ್-ರೇ ವಿಭಾಗದವರು ತಂತಿ ತುರುಕಿ ತಮ್ಮ ಕೆಲಸ ಕಸಿದುಕೊಳ್ಳುತ್ತಿದ್ದಾರೆ ಎನಿಸಿತು. ಜಗಳ ತೀರಲು ಅಂಕಿಅಂಶವೇ ಬೇಕಿತ್ತು. ಆಕ್ಸ್‌ಫರ್ಡಿನ ಇಬ್ಬರು, ಕಾಯಿಲ್ ಹಾಕುವ ಆಂಡ್ರ್ಯೂ ಮಾಲಿನ್ಯೂ ಮತ್ತು ಕ್ಲಿಪ್ ಹಾಕುವ ರಿಚರ್ಡ್ ಕೆರ್, ಒಟ್ಟಾಗಿ ‘ಐಸ್ಯಾಟ್’ ಎಂಬ ಪರೀಕ್ಷೆ ನಡೆಸಿದರು. ಉಬ್ಬು ಒಡೆದು ಬಂದ 2143 ರೋಗಿಗಳಲ್ಲಿ ಯಾರಿಗೆ ಕ್ಲಿಪ್, ಯಾರಿಗೆ ಕಾಯಿಲ್ ಎನ್ನುವುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಯಿತು. 2002ರಲ್ಲಿ ಮೇಲ್ವಿಚಾರಣಾ ಸಮಿತಿ ನಡುವೆಯೇ ಹೊಸ ರೋಗಿಗಳ ಸೇರ್ಪಡೆ ನಿಲ್ಲಿಸಿತು. ವ್ಯತ್ಯಾಸ ಅಷ್ಟು ಎದ್ದು ಕಾಣುತ್ತಿತ್ತು. ಒಂದು ವರ್ಷದ ಕೊನೆಗೆ ಸತ್ತವರು ಅಥವಾ ಪರಾವಲಂಬಿಗಳಾದವರು ಕ್ಲಿಪ್ ಗುಂಪಿನಲ್ಲಿ ಶೇ 30.6, ಕಾಯಿಲ್ ಗುಂಪಿನಲ್ಲಿ ಶೇ 23.7.

‘ಲ್ಯಾನ್ಸೆಟ್’ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದು ಅಚ್ಚಾದಾಗ ಶಸ್ತ್ರವೈದ್ಯರ ಸಭೆಗಳಲ್ಲಿ ಬಿಸಿ ಏರಿತು. ಅವರ ಆಕ್ಷೇಪದಲ್ಲಿ ಹುರುಳಿಲ್ಲದೆ ಇರಲಿಲ್ಲ. ಪರಿಶೀಲಿಸಿದ ಸುಮಾರು 9500 ರೋಗಿಗಳಲ್ಲಿ ಪರೀಕ್ಷೆಗೆ ಸೇರಿದವರು ನಾಲ್ಕನೇ ಒಂದಕ್ಕಿಂತ ಕಡಿಮೆ. ಎರಡೂ ಚಿಕಿತ್ಸೆಗೆ ಒಗ್ಗುವಂಥವರನ್ನಷ್ಟೇ ಸೇರಿಸಿದ್ದರು. ಬಹುತೇಕರದ್ದು ಮುಂಭಾಗದ ಸಣ್ಣ ಉಬ್ಬು, ಬಂದಾಗ ಸ್ಥಿತಿಯೂ ಚೆನ್ನಾಗಿತ್ತು. ಆ ಫಲಿತಾಂಶವನ್ನು ಎಲ್ಲ ರೋಗಿಗಳಿಗೂ ಎಳೆದು ಹೊದಿಸುವುದು ತಪ್ಪು ಎಂದವರು ಸರಿಯಾಗಿಯೇ ಹೇಳಿದ್ದರು. ಆದರೂ ಬ್ರಿಟನ್ನಿನಲ್ಲಿ ಕೆಲವೇ ವರ್ಷಗಳಲ್ಲಿ ಕಾಯಿಲ್ ಮೊದಲ ಆಯ್ಕೆಯಾಯಿತು.

ಕಾಯಿಲ್‌ಗೂ ತನ್ನದೇ ಸಾಲ ಇತ್ತು. ಹೃದಯದ ಪ್ರತಿ ಬಡಿತವೂ ಸುರುಳಿಗಳ ಮೇಲೆ ಅಪ್ಪಳಿಸುತ್ತದೆ. ವರ್ಷಗಳಲ್ಲಿ ಅವು ಒತ್ತಿಕೊಂಡು ಉಬ್ಬಿನ ಬಾಯಿ ಮತ್ತೆ ತೆರೆಯಬಹುದು. ಮಾಂಟ್ರಿಯಲ್‌ನ ಜಾನ್ ರೇಮಂಡ್ 2003ರಲ್ಲಿ ತಮ್ಮದೇ ರೋಗಿಗಳನ್ನು ಹಿಂತಿರುಗಿ ನೋಡಿದಾಗ ಸುಮಾರು ಮೂರನೇ ಒಂದು ಉಬ್ಬುಗಳು ಸ್ವಲ್ಪವೋ ಹೆಚ್ಚೋ ಮರುಕಳಿಸಿದ್ದವು. ಐಸ್ಯಾಟ್ ರೋಗಿಗಳನ್ನು ಹತ್ತು ವರ್ಷಕ್ಕೂ ಮೀರಿ ಗಮನಿಸಿದಾಗ, ಮೊದಲ ವರ್ಷದ ನಂತರ ಚಿಕಿತ್ಸೆಯಾದ ಅದೇ ಉಬ್ಬಿನಿಂದ ಮತ್ತೆ ರಕ್ತಸ್ರಾವವಾದವರು ಕಾಯಿಲ್ ಗುಂಪಿನಲ್ಲಿ 13, ಕ್ಲಿಪ್ ಗುಂಪಿನಲ್ಲಿ 4. ಸಂಖ್ಯೆ ಚಿಕ್ಕದೇ, ಆದರೆ ಕಾಯಿಲ್ ಹಾಕಿಸಿಕೊಂಡವರು ಕೆಲವು ವರ್ಷ ಆಂಜಿಯೋಗ್ರಾಂ ಮಾಡಿಸುತ್ತಲೇ ಇರಬೇಕು ಎನ್ನುವುದಕ್ಕೆ ಕಾರಣ ಇದೇ. ಸುರುಳಿಗೆ ಜೆಲ್ ಲೇಪಿಸಿ, ಕರಗುವ ಪಾಲಿಮರ್ ಸುತ್ತಿ ನೋಡಿದರು. ಬೆಲೆ ಏರಿದಷ್ಟು ಗುಣ ಏರಲಿಲ್ಲ.

ಇನ್ನೊಂದು ತೊಡಕು ಅಗಲ ಕೊರಳಿನ ಉಬ್ಬು. ಬಾಯಿ ಅಗಲವಿದ್ದರೆ ಸುರುಳಿ ನಿಲ್ಲುವುದಿಲ್ಲ, ಹೊರಕ್ಕೆ ಜಾರುತ್ತದೆ. ಪ್ಯಾರಿಸ್ಸಿನ ಜಾಕ್ ಮೊರೆ ಬಾಯಿಗೆ ಅಡ್ಡಲಾಗಿ ಸ್ವಲ್ಪ ಹೊತ್ತು ಬಲೂನು ಉಬ್ಬಿಸಿ, ಅದರ ಹಿಂದೆ ಸುರುಳಿ ತುಂಬಿ, ಬಲೂನು ತೆಗೆದುಬಿಡುವ ಯುಕ್ತಿ ಕಂಡುಹಿಡಿದರು. ಅದೂ ಸಾಲದ ಕಡೆ, ರಕ್ತನಾಳದೊಳಗೆ ಕೂರಿಸುವ ಜಾಲರಿ ಕೊಳವೆಯಾದ ಸ್ಟೆಂಟ್ ಬಂತು. ಹೃದಯಕ್ಕೆ ಸ್ಟೆಂಟ್ ಹಾಕುವುದು 1986ರಲ್ಲೇ ಶುರುವಾಗಿತ್ತು. 1997ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದ ರಾಂಡಾಲ್ ಹಿಗಾಶಿಡಾ ಮತ್ತು ಸಂಗಡಿಗರು ಹೃದಯದ್ದೇ ಸ್ಟೆಂಟನ್ನು ಮಿದುಳಿನ ಹಿಂಭಾಗದ ನಾಳದಲ್ಲಿ ಕೂರಿಸಿ, ಅದರ ಜಾಲರಿಯ ಕಿಂಡಿಯಿಂದ ಸುರುಳಿ ತುಂಬಿದ್ದನ್ನು ವರದಿ ಮಾಡಿದರು. ಹೃದಯದ ಸ್ಟೆಂಟ್ ಗಡುಸು, ಮಿದುಳಿನ ತಿರುವುಗಳಲ್ಲಿ ಬಗ್ಗುವುದಿಲ್ಲ. ನಿಕ್ಕಲ್ ಮತ್ತು ಟೈಟೇನಿಯಂ ಬೆರೆತ ನಿಟಿನಾಲ್ ಲೋಹದಿಂದ, ತಾನಾಗಿ ಅರಳುವ ‘ನ್ಯೂರೋಫಾರ್ಮ್’ ಎಂಬ ಮಿದುಳಿನದೇ ಸ್ಟೆಂಟಿಗೆ ಅಮೆರಿಕದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು.

ಸ್ಟೆಂಟಿನ ಜೊತೆ ಒಂದು ಇಕ್ಕಟ್ಟೂ ಬಂತು. ಹರಿಯುವ ರಕ್ತದ ನಡುವೆ ಲೋಹ ಬಿಟ್ಟರೆ ಅದರ ಮೇಲೆ ಹೆಪ್ಪುಗಟ್ಟುತ್ತದೆ. ಅದನ್ನು ತಡೆಯಲು ಆಸ್ಪಿರಿನ್, ಕ್ಲೋಪಿಡೋಗ್ರೆಲ್‌ನಂಥ ರಕ್ತ ತೆಳುಮಾಡುವ ಎರಡು ಮಾತ್ರೆ ತಿಂಗಳುಗಟ್ಟಲೆ ಬೇಕು. ಆದರೆ ರೋಗಿ ಬಂದಿರುವುದೇ ಮಿದುಳಿನಲ್ಲಿ ರಕ್ತ ಸೋರಿ! ಆದ್ದರಿಂದ ಒಡೆಯದ ಉಬ್ಬಿಗೆ ಸ್ಟೆಂಟ್ ಸಲೀಸು. ಒಡೆದದ್ದಕ್ಕೆ ಹಾಕಬೇಕಾದರೆ ವೈದ್ಯರು ಎರಡೆರಡು ಸಲ ಯೋಚಿಸುತ್ತಾರೆ.

ಆಮೇಲೆ ಬಂದದ್ದು ಉಬ್ಬನ್ನು ಮುಟ್ಟದೆಯೇ ಮುಚ್ಚುವ ಸ್ಟೆಂಟ್. ಕೋಬಾಲ್ಟ್–ಕ್ರೋಮಿಯಂ ಮತ್ತು ಪ್ಲಾಟಿನಂನ 48 ಎಳೆಗಳನ್ನು ಒತ್ತಾಗಿ ಹೆಣೆದ ‘ಪೈಪ್‌ಲೈನ್’ ಎಂಬ ಕೊಳವೆಯನ್ನು ಉಬ್ಬಿನ ಬಾಯಿಗೆ ಅಡ್ಡಲಾಗಿ ಮುಖ್ಯ ನಾಳದಲ್ಲಿ ಕೂರಿಸುತ್ತಾರೆ. ರಕ್ತ ನೇರವಾಗಿ ಹರಿದುಹೋಗುತ್ತದೆ. ಉಬ್ಬಿನೊಳಗೆ ನುಗ್ಗುವುದು ಕಡಿಮೆಯಾಗಿ, ಅಲ್ಲಿ ನಿಂತ ರಕ್ತ ತಿಂಗಳುಗಳಲ್ಲಿ ಹೆಪ್ಪುಗಟ್ಟುತ್ತದೆ. ಹೆಣಿಗೆಯ ಮೇಲೆ ರಕ್ತನಾಳದ ಒಳಪದರ ಬೆಳೆದು ಹೊಸ ಗೋಡೆಯಾಗುತ್ತದೆ. ಬ್ಯೂನಸ್ ಐರಿಸ್‌ನ ಪೆದ್ರೋ ಲಿಲಿಕ್ 2009ರಲ್ಲಿ 53 ರೋಗಿಗಳ ಅನುಭವ ಪ್ರಕಟಿಸಿದರು, ಬುಡಾಪೆಸ್ಟಿನಿಂದ ಇಷ್ಟ್‌ವಾನ್ ಸಿಕೊರಾ ಮರುವರ್ಷ ದನಿಗೂಡಿಸಿದರು, 2011ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. ಕ್ಲಿಪ್ಪಿಗೂ ಕಾಯಿಲ್‌ಗೂ ಬಗ್ಗದ ದೊಡ್ಡ ಉಬ್ಬುಗಳ 108 ರೋಗಿಗಳ ಪರೀಕ್ಷೆಯಲ್ಲಿ ಆರು ತಿಂಗಳಿಗೆ ಶೇ 73.6ರಷ್ಟು ಉಬ್ಬುಗಳು ಪೂರ್ತಿ ಮುಚ್ಚಿದ್ದವು. ಐದು ವರ್ಷಕ್ಕೆ ಪರೀಕ್ಷಿಸಿದವುಗಳಲ್ಲಿ ಶೇ 95. ವೈದ್ಯಕೀಯದಲ್ಲಿ ಕಾಲ ಕಳೆದಂತೆ ಫಲ ಹೆಚ್ಚುವುದು ಅಪರೂಪ. ಆದರೆ ಅಷ್ಟು ತಿಂಗಳು ಕಾಯುವ ನಡುವೆ ಉಬ್ಬು ಒಡೆದದ್ದೂ ಉಂಟು, ಕೊಳವೆಯಲ್ಲಿ ಹೆಪ್ಪುಗಟ್ಟಿ ಲಕ್ವ ಹೊಡೆದದ್ದೂ ಉಂಟು.

ಹೆಸರಾಂತರ ಅನುಭವಗಳೂ ಈ ಚಿಕಿತ್ಸೆಯ ಎರಡು ಮುಖ ತೋರಿಸುತ್ತವೆ. ಗಾಯಕ ನೀಲ್ ಯಂಗ್‌ಗೆ 2005ರಲ್ಲಿ ನ್ಯೂಯಾರ್ಕಿನಲ್ಲಿ ಕಾಯಿಲ್ ಹಾಕಿದರು. ತಲೆಯಲ್ಲಿ ಏನೂ ತೊಂದರೆಯಾಗಲಿಲ್ಲ, ಕೆಲವು ದಿನದಲ್ಲಿ ತೊಡೆಯ ಸೂಜಿಗಾಯ ಬಿಚ್ಚಿ ರಕ್ತ ಸುರಿದು ಬೀದಿಯಲ್ಲೇ ಪ್ರಜ್ಞೆ ತಪ್ಪಿದರು. ‘ಗೇಮ್ ಆಫ್ ಥ್ರೋನ್ಸ್’ ನಟಿ ಎಮಿಲಿಯಾ ಕ್ಲಾರ್ಕ್ 2011ರಲ್ಲಿ ಲಂಡನ್ನಿನ ಜಿಮ್ಮಿನಲ್ಲಿ ಕುಸಿದಾಗ ತೊಡೆಸಂದಿಯ ದಾರಿಯಲ್ಲೇ ಉಬ್ಬು ಮುಚ್ಚಿದರು. 2013ರಲ್ಲಿ ಇನ್ನೊಂದು ಉಬ್ಬಿಗೆ ಅದೇ ದಾರಿ ಹಿಡಿದಾಗ ಅದು ವಿಫಲವಾಗಿ ಜೋರು ರಕ್ತಸ್ರಾವವಾಯಿತು. ಕೂಡಲೇ ತಲೆಬುರುಡೆ ತೆರೆದು ಉಳಿಸಿಕೊಂಡರು. ಆಕೆಯೇ 2019ರಲ್ಲಿ ಇದನ್ನು ಬರೆದುಕೊಂಡಿದ್ದಾರೆ. ಕಾಯಿಲ್ ಹಾಕುವ ಆಸ್ಪತ್ರೆಯಲ್ಲಿ ಕ್ಲಿಪ್ ಹಾಕಬಲ್ಲ ಕೈಗಳೂ ಇರಬೇಕು ಎಂದು ತಜ್ಞರು ಹೇಳುವುದು ಸುಮ್ಮನೆ ಅಲ್ಲ.

ಕರ್ನಾಟಕದಲ್ಲಿ ಎರಡೂ ಕೈಗಳು ಒಂದೇ ಆವರಣದಲ್ಲಿ ಸಿಗುವ ಜಾಗಗಳಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಒಂದು. ಇಲ್ಲಿನ ಲೆಕ್ಕಾಚಾರದಲ್ಲಿ ಮಾತ್ರ ಹಣವೂ ಕೂತುಕೊಳ್ಳುತ್ತದೆ. ಕ್ಲಿಪ್ ಸಾಮಾನ್ಯವಾಗಿ ಒಂದು ಸಾಕು. ಕಾಯಿಲ್ ಹಲವು ಬೇಕು, ಒಮ್ಮೆ ಬಳಸಿದ್ದು ಮತ್ತೆ ಬರುವುದಿಲ್ಲ, ಸ್ಟೆಂಟ್ ಸೇರಿದರೆ ಬಿಲ್ಲು ಇನ್ನೂ ಏರುತ್ತದೆ. 2017ರಲ್ಲಿ ಕೇಂದ್ರ ಸರ್ಕಾರ ಸ್ಟೆಂಟ್ ಬೆಲೆಗೆ ಮಿತಿ ಹಾಕಿದ್ದು ಹೃದಯದ ಸ್ಟೆಂಟಿಗೆ ಮಾತ್ರ. ಹಾಗಾಗಿ ನಮ್ಮಲ್ಲಿ ಯಾವುದು ಒಳ್ಳೆಯದು ಎಂಬ ಪ್ರಶ್ನೆಯ ಪಕ್ಕದಲ್ಲೇ ಯಾವುದು ಕೈಗೆಟುಕುತ್ತದೆ ಎಂಬ ಪ್ರಶ್ನೆ ನಿಲ್ಲುತ್ತದೆ. ಒಳ್ಳೆಯ ಕೈಯಲ್ಲಿ ಕ್ಲಿಪ್ ಇಂದಿಗೂ ಎರಡನೇ ದರ್ಜೆಯ ಚಿಕಿತ್ಸೆಯಲ್ಲ. ಬಡ ರೋಗಿಗೆ ಅದನ್ನು ಹೇಳುವವರು ಬೇಕು.

ಇಷ್ಟೆಲ್ಲ ಸಾಧನಗಳಿದ್ದೂ ಅವು ಕೆಲಸಕ್ಕೆ ಬರುವುದು ರೋಗಿ ಸಮಯಕ್ಕೆ ತಲುಪಿದರೆ. ಜೀವಮಾನದಲ್ಲಿ ಎಂದೂ ಕಾಣದಂಥ ತಲೆನೋವು ಕ್ಷಣಾರ್ಧದಲ್ಲಿ ಸಿಡಿದರೆ, ಅದರ ಜೊತೆ ವಾಂತಿ, ಕತ್ತು ಬಿಗಿತ, ಒಂದು ಕಣ್ಣಿನ ರೆಪ್ಪೆ ಇಳಿಬೀಳುವುದು ಕಂಡರೆ, ಅದನ್ನು ಪಿತ್ತ, ಮೈಗ್ರೇನ್, ಗ್ಯಾಸ್ ಎಂದು ಮನೆಯಲ್ಲಿ ಮಾತ್ರೆ ನುಂಗಿಸಿ ಮಲಗಿಸಬೇಡಿ. ಮೊದಲ ಆರು ಗಂಟೆಗಳೊಳಗೆ ತೆಗೆದ ಸಿಟಿ ಸ್ಕ್ಯಾನಿನಲ್ಲಿ ಈ ರಕ್ತಸ್ರಾವ ತಪ್ಪಿಸಿಕೊಳ್ಳುವುದು ಬಹಳ ಅಪರೂಪ. ಸ್ಕ್ಯಾನ್ ಇರುವ ಆಸ್ಪತ್ರೆಗೆ ಆ ಹೊತ್ತಿನಲ್ಲೇ ಹೊರಡಿ.